ಪ್ಯಾಡ್ ಮೇಲಿನ ಮೂರು ತಿಂಗಳು ದಂಡವಲ್ಲ

ಮಾನ್ಯ ಸಂಪಾದಕರೇ,

ಮಕ್ಕಳನ್ನು ಡ್ರಮ್ಸ್ ಪಾಠಕ್ಕೆ ಸೇರಿಸಿದವರಿಂದ ಪದೇ ಪದೇ ಕೇಳಿಬರುವ ದೂರು ಒಂದೇ: 'ಮೂರು ತಿಂಗಳಾಯಿತು, ಮೇಷ್ಟ್ರು ಇನ್ನೂ ರಬ್ಬರ್ ಪ್ಯಾಡ್ ಮೇಲೇ ಬಡಿಸುತ್ತಿದ್ದಾರೆ, ಒಂದು ಹಾಡೂ ಬಂದಿಲ್ಲ.' ಈ ದೂರಿನಲ್ಲಿ ಅರ್ಧ ನ್ಯಾಯವಿದೆ, ಅರ್ಧ ಇಲ್ಲ. ಖಾಸಗಿ ಪಾಠಕ್ಕೆ ದುಡ್ಡು ಕೊಡುವವರಿಗೆ ಆ ವ್ಯತ್ಯಾಸ ತಿಳಿದಿರಲಿ ಎಂದು ಈ ಪತ್ರ.

ಡ್ರಮ್ಮಿನ ಬದಲು ಅಭ್ಯಾಸಕ್ಕೆ ಬಳಸುವ ಈ ಪ್ಯಾಡ್ ಯಾಕೆ ಬೇಕು? ಸ್ಟಿಕ್ಕನ್ನು ಹಿಂತುದಿಯಿಂದ ಸುಮಾರು ಮೂರನೇ ಒಂದು ಭಾಗದಷ್ಟು ಮುಂದೆ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿಯಬೇಕು. ಉಳಿದ ಬೆರಳುಗಳು ಸುಮ್ಮನೆ ಸುತ್ತಿಕೊಂಡಿರಬೇಕು, ಹಿಸುಕಬಾರದು. ಹೊಡೆದ ಸ್ಟಿಕ್ ತಾನೇ ಪುಟಿದು ಮೇಲೆ ಬರುತ್ತದೆ. ಹಿಸುಕಿ ಹಿಡಿದರೆ ಆ ಪುಟಿತ ಸತ್ತುಹೋಗಿ ಪ್ರತಿ ಹೊಡೆತವನ್ನೂ ಮಣಿಕಟ್ಟೇ ಎತ್ತಬೇಕಾಗುತ್ತದೆ. ನಿಧಾನವಾಗಿ ನುಡಿಸುವಾಗ ಇದು ಗೊತ್ತೇ ಆಗುವುದಿಲ್ಲ. ವೇಗ ಏರಿದ ಮೇಲೆ ಮುಂಗೈ ಕಲ್ಲಾಗುತ್ತದೆ, ಬೆರಳಲ್ಲಿ ಬೊಬ್ಬೆ ಏಳುತ್ತದೆ, ಹಟ ಹಿಡಿದು ಮುಂದುವರಿಸಿದರೆ ಮಣಿಕಟ್ಟಿನ ಸ್ನಾಯುರಜ್ಜು ಊದಿಕೊಳ್ಳುತ್ತದೆ. ಪೂರ್ತಿ ಡ್ರಮ್ ಸೆಟ್ಟಿನ ಅಬ್ಬರದಲ್ಲಿ ಈ ತಪ್ಪು ಮುಚ್ಚಿಹೋಗುತ್ತದೆ. ಪ್ಯಾಡ್ ಮೇಲೆ ಹಾಗಾಗದು, ಎಡಗೈಯ ಸದ್ದು ಬಲಗೈಗಿಂತ ಕೊಂಚ ಸಣ್ಣದಾದರೂ ಕಿವಿಗೆ ಬೀಳುತ್ತದೆ.

ಒಂದೇ ಪಾಠವನ್ನು ಬಿಡಿಸಿ ನೋಡೋಣ. ಪ್ಯಾರಾಡಿಡಲ್ ಎಂದರೆ ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ಪ್ರತಿ ನಾಲ್ಕರ ಮೊದಲ ಹೊಡೆತಕ್ಕೆ ಒತ್ತು. ಬಲಗೈ ಒತ್ತಿ ಹೊಡೆದ ಕೂಡಲೇ ಸ್ಟಿಕ್ಕನ್ನು ಪ್ಯಾಡಿನಿಂದ ಎರಡು ಬೆರಳಗಲದ ಎತ್ತರದಲ್ಲೇ ತಡೆದು ನಿಲ್ಲಿಸಬೇಕು. ಅದು ಡೌನ್ ಸ್ಟ್ರೋಕ್. ಎಡಗೈ ಎರಡನೇ ಹೊಡೆತವನ್ನು ಮೆಲ್ಲಗೆ ಕೊಟ್ಟು ಆ ಉಸಿರಿನಲ್ಲೇ ಮೇಲಕ್ಕೆ ಏರಬೇಕು, ಏಕೆಂದರೆ ಮುಂದಿನ ಒತ್ತು ಅದರದ್ದೇ. ಇದು ಅಪ್ ಸ್ಟ್ರೋಕ್. ಬಲಗೈಯ ಕೊನೆಯ ಎರಡು ಬರೀ ಟ್ಯಾಪ್, ಅಂದರೆ ಮೆಲ್ಲನೆಯ ತಟ್ಟು. ಕಲಿಯುವವರು ಎಡವುವುದು ಆ ಅಪ್ ಸ್ಟ್ರೋಕಿನಲ್ಲಿ. ಕೈ ತಡವಾಗಿ ಎದ್ದರೆ ಎಡಗೈಯ ಒತ್ತು ಮಂಕಾಗುತ್ತದೆ, ಇಲ್ಲವೇ ತಾಳ ತಪ್ಪಿ ಬೀಳುತ್ತದೆ. ಆಗ ಮಗು ತೋಳಿನಿಂದ ಬೀಸಿ ಹೊಡೆಯಲು ನೋಡುತ್ತದೆ. ಪಕ್ಕದಲ್ಲಿ ಕೂತ ಮೇಷ್ಟ್ರು ಇದನ್ನು ಕಣ್ಣಲ್ಲೇ ಹಿಡಿಯುತ್ತಾರೆ. ಯೂಟ್ಯೂಬ್ ವಿಡಿಯೊ ತೋರಿಸಬಲ್ಲದು, ತಿದ್ದಲಾರದು. ಖಾಸಗಿ ಪಾಠಕ್ಕೆ ಕೊಡುವ ದುಡ್ಡಿಗೆ ಸಿಗುವುದು ಮುಖ್ಯವಾಗಿ ಇದೇ.

ಇಂಥ ಮೂಲಪಾಠಗಳಿಗೆ ರೂಡಿಮೆಂಟ್ ಎನ್ನುತ್ತಾರೆ. ಅಮೆರಿಕದಲ್ಲಿ 1933ರಲ್ಲಿ ಹುಟ್ಟಿದ ರೂಡಿಮೆಂಟಲ್ ಡ್ರಮ್ಮರ್‌ಗಳ ಸಂಘ 13ನ್ನು ಅತ್ಯವಶ್ಯವೆಂದು ಗೊತ್ತುಮಾಡಿ, ಆಮೇಲೆ ಪಟ್ಟಿಯನ್ನು 26ಕ್ಕೆ ಏರಿಸಿತು. ಈಗ ಎಲ್ಲೆಡೆ ಬಳಕೆಯಲ್ಲಿರುವುದು ಪರ್ಕಸ್ಸಿವ್ ಆರ್ಟ್ಸ್ ಸೊಸೈಟಿ 1984ರಲ್ಲಿ ಒಪ್ಪಿದ 40ರ ಪಟ್ಟಿ. ನಲವತ್ತನ್ನೂ ಓಡಿಸುವ ಮೇಷ್ಟ್ರಿಗಿಂತ ಮೊದಲ ವರ್ಷ ಸಿಂಗಲ್ (ಕೈಗೊಂದು ಹೊಡೆತ), ಡಬಲ್ (ಕೈಗೆರಡು), ಪ್ಯಾರಾಡಿಡಲ್, ಫ್ಲ್ಯಾಮ್ (ಮುಖ್ಯ ಹೊಡೆತಕ್ಕೆ ತುಸು ಮುಂಚೆ ಒಂದು ಸಣ್ಣ ಹೊಡೆತ), ಡ್ರ್ಯಾಗ್ (ಹಾಗೆಯೇ ಎರಡು), ಐದು ಹೊಡೆತದ ಫೈವ್ ಸ್ಟ್ರೋಕ್ ರೋಲ್ ಇಷ್ಟನ್ನೇ ಕೈಗೆ ಕೂರಿಸುವವರು ಮೇಲು.

ಒಂದೇ ವೇಗದಲ್ಲಿ ಕ್ಲಿಕ್ ಕ್ಲಿಕ್ ಎಂದು ತಾಳ ಕೊಡುವ ಮೆಟ್ರೊನೋಮ್ ಇಲ್ಲದ ಅಭ್ಯಾಸ ಅರ್ಧ ವ್ಯರ್ಥ. ನಿಮಿಷಕ್ಕೆ 60 ಕ್ಲಿಕ್ಕಿಗೆ ಇಟ್ಟು ಒಂದು ಕ್ಲಿಕ್ಕಿಗೆ ಒಂದು, ಎರಡು, ಮೂರು, ನಾಲ್ಕು ಹೊಡೆತ, ಮತ್ತೆ ಅದೇ ದಾರಿಯಲ್ಲಿ ಕೆಳಕ್ಕೆ. ಏರುವಾಗ ಸರಿಯಿದ್ದವರೂ ನಾಲ್ಕರಿಂದ ತಿಶ್ರಕ್ಕೆ, ಅಂದರೆ ಮೂರಕ್ಕೆ, ಇಳಿಯುವಾಗ ಓಡಿಬಿಡುತ್ತಾರೆ. ಎರಡು ನಿಮಿಷ ಎಡವದೆ, ಭುಜ ಬಿಗಿಯದೆ ನುಡಿದ ಮೇಲೆ ನಾಲ್ಕೈದು ಅಂಕಿ ಏರಿಸಬಹುದು, ಅದಕ್ಕಿಂತ ಹೆಚ್ಚು ಬೇಡ. ದಿನಾ ಇಪ್ಪತ್ತು ನಿಮಿಷದ ಅಭ್ಯಾಸ ಭಾನುವಾರದ ಎರಡು ಗಂಟೆಗಿಂತ ಎಷ್ಟೋ ವಾಸಿ.

ಇನ್ನು ದೂರಿನ ನ್ಯಾಯವಾದ ಅರ್ಧ. ಮೂರು ತಿಂಗಳು ಪ್ಯಾಡ್ ಬಿಟ್ಟು ಬೇರೇನೂ ಮುಟ್ಟಿಸದಿದ್ದರೆ ಅದು ಮೇಷ್ಟ್ರ ತಪ್ಪೇ. ಕಾಲುಗಳೂ ಮೊದಲ ತಿಂಗಳಿಂದಲೇ ಕಲಿಯಬೇಕು. ಅರ್ಧ ಗಂಟೆಯ ಪಾಠದಲ್ಲಿ ಹತ್ತು ನಿಮಿಷ ಪ್ಯಾಡ್, ಹದಿನೈದು ನಿಮಿಷ ಸೆಟ್, ಉಳಿದದ್ದು ನೊಟೇಶನ್ ಓದುವುದಕ್ಕೆ ಎಂದಿಟ್ಟುಕೊಂಡರೆ ಸರಿಹೋಗುತ್ತದೆ. ಮೊದಲು ಆಸನದ ಎತ್ತರ: ಕೂತಾಗ ತೊಡೆ ಮಂಡಿಯ ಕಡೆಗೆ ತುಸು ಇಳಿಜಾರಾಗಿರಬೇಕು. ಆಸನ ತಗ್ಗಾದರೆ ಪೆಡಲ್ ಒತ್ತುವಾಗಲೆಲ್ಲ ಸೊಂಟ ಎಳೆಯುತ್ತದೆ. ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ತಾಳದ ನಡೆಗೆ ಗ್ರೂವ್ ಎನ್ನುತ್ತಾರೆ. ಮೊದಲ ಗ್ರೂವ್‌ನಲ್ಲಿ ಹೈಹ್ಯಾಟ್ (ಒಂದರ ಮೇಲೊಂದಿರುವ ಜೋಡಿ ಲೋಹದ ತಟ್ಟೆ) ಮೇಲೆ ನಾಲ್ಕು ಎಣಿಕೆಯ ಒಂದು ಆವರ್ತಕ್ಕೆ ಎಂಟು ಹೊಡೆತ, 2 ಮತ್ತು 4ನೇ ಎಣಿಕೆಗೆ ಸ್ನೇರ್ (ಮುಂದೆ ಇರುವ ಚಿಕ್ಕ ಡ್ರಮ್), 1 ಮತ್ತು 3ಕ್ಕೆ ಕಾಲಿನ ಪೆಡಲಿನಿಂದ ನುಡಿಸುವ ಬಾಸ್ ಡ್ರಮ್. ಹೈಹ್ಯಾಟ್ ಮತ್ತು ಸ್ನೇರ್ ಕೂಡಿಬಂದ ಮೇಲಷ್ಟೇ ಕಾಲು ಸೇರಿಸಬೇಕು. ಹೊಸಬರ ಕಾಲು ಕೈಗಿಂತ ಕೂದಲೆಳೆಯಷ್ಟು ಮುಂದೋ ಹಿಂದೋ ಬಿದ್ದು ಒಂದರ ಬದಲು 'ಟ-ಡಪ್' ಎಂದು ಎರಡು ಸದ್ದಾಗುತ್ತದೆ. 50ರ ವೇಗಕ್ಕೆ ಇಳಿದು, ಬಾಯಲ್ಲಿ ಗಟ್ಟಿಯಾಗಿ ಎಣಿಸುತ್ತಾ ತಿದ್ದದೆ ವೇಗ ಏರಿಸಿದರೆ ಅದು ಕೊನೆಯವರೆಗೂ ಬಿಡುವುದಿಲ್ಲ. ಫಿಲ್, ಅಂದರೆ ಗ್ರೂವ್ ನಡುವೆ ತುಂಬುವ ತುಂಡು ನುಡಿ, ಬಂದಾಗ ಓಡುವುದಂತೂ ಸಾರ್ವತ್ರಿಕ ರೋಗ. ಮೂರು ಆವರ್ತ ಗ್ರೂವ್, ಒಂದು ಆವರ್ತ ಫಿಲ್ ಎಂದು ಕ್ಲಿಕ್ಕಿನ ಜೊತೆ ಸುತ್ತು ಹಾಕಿಸುವುದೊಂದೇ ಮದ್ದು.

ಖರೀದಿಯಲ್ಲಿ ಅವಸರ ಬೇಡ. ಶುರುವಿಗೆ ಒಂದು ಜೊತೆ ಸ್ಟಿಕ್, ಸ್ಟ್ಯಾಂಡ್ ಸಮೇತ ಒಂದು ಪ್ಯಾಡ್ ಸಾಕು. ಪ್ಯಾಡನ್ನು ಊಟದ ಮೇಜಿನ ಮೇಲಿಟ್ಟರೆ ಎತ್ತರವಾಗಿ ಮೊಣಕೈ ಮೇಲೇಳುತ್ತದೆ. ಸ್ಟ್ಯಾಂಡ್ ಬೇಕೆನ್ನುವುದು ಅದಕ್ಕೇ. ದೊಡ್ಡವರಿಗೆ 5ಎ, ಅಂದರೆ ಸುಮಾರು 14 ಮಿಲಿಮೀಟರ್ ದಪ್ಪ, 16 ಇಂಚು ಉದ್ದದ ಸ್ಟಿಕ್. ಚಿಕ್ಕ ಕೈಗೆ ತುಸು ಸಣ್ಣದಾದ 7ಎ. ಸಪಾಟಾದ ಜಾಗದಲ್ಲಿ ಉರುಳಿಸಿ ನೋಡಿ, ಕುಲುಕಿದರೆ ಸ್ಟಿಕ್ ಸೊಟ್ಟ. ಎಲೆಕ್ಟ್ರಾನಿಕ್ ಕಿಟ್ ಕೊಂಡರೆ ನೆರೆಯವರ ಕಾಟ ತಪ್ಪಿತೆಂದು ನಂಬುವವರುಂಟು. ಅದರಲ್ಲಿ ಚರ್ಮದ ಬದಲು ಹಾಕಿರುವ ಜಾಲರಿಯ ಸದ್ದು ಕಡಿಮೆಯೇ, ಆದರೆ ಪೆಡಲಿನ ಗುದ್ದು ನೆಲದ ಮೂಲಕ ಕೆಳಮನೆಗೆ ಇಳಿಯುತ್ತದೆ. ಆ ಜಾಲರಿ ನಿಜವಾದ ಡ್ರಮ್ಮಿಗಿಂತ ಹೆಚ್ಚು ಪುಟಿಸುವುದರಿಂದ ಡಬಲ್ ಸ್ಟ್ರೋಕ್ ಬರದಿದ್ದರೂ ಬಂದಂತೆ ಭ್ರಮೆ ಹುಟ್ಟಿಸುತ್ತದೆ.

ಅಕೂಸ್ಟಿಕ್, ಅಂದರೆ ವಿದ್ಯುತ್ತಿಲ್ಲದ ಮಾಮೂಲಿ ಸೆಟ್ ಇರುವವರು ಶ್ರುತಿ ಮಾಡುವುದನ್ನೂ ಪಾಠದಲ್ಲಿ ಕೇಳಿ ಕಲಿಯಬೇಕು. 14 ಇಂಚಿನ ಸ್ನೇರಿಗೆ ಸಾಮಾನ್ಯವಾಗಿ ಎಂಟೋ ಹತ್ತೋ ಬಿಗಿ ತಿರುಪು ಇರುತ್ತವೆ. ಸಾಲಾಗಿ ಸುತ್ತ ತಿರುಗಿಸುತ್ತಾ ಹೋದರೆ ಚರ್ಮ ಒಂದು ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಎದುರುಬದುರಾಗಿ, ಒಮ್ಮೆಗೆ ಕಾಲು ಸುತ್ತು ಮಾತ್ರ ತಿರುಗಿಸಿ, ಪ್ರತಿ ತಿರುಪಿನಿಂದ ಒಂದಿಂಚು ಒಳಗೆ ತಟ್ಟಿ ಸ್ವರ ಹೊಂದಿಸಬೇಕು. ಸಿಂಬಲ್ಲಿನ (ಲೋಹದ ತಟ್ಟೆಯ) ಮೇಲಿನ ನಟ್ಟನ್ನು ಬಿಗಿದು ಕಟ್ಟಬಾರದು. ಅಲುಗಾಡಲು ಬಿಡದ ಸಿಂಬಲ್ ಬಿರುಕು ಬಿಡುತ್ತದೆ.

ಕಿವಿಯ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಮುಚ್ಚಿದ ಕೋಣೆಯಲ್ಲಿ ಸೆಟ್ಟಿನ ಸದ್ದು 100 ಡೆಸಿಬೆಲ್ ದಾಟುವುದು ಸಾಮಾನ್ಯ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆಯ ಮಿತಿಯನ್ನು ಶಿಫಾರಸು ಮಾಡಿದೆ. ಪ್ರತಿ 3 ಡೆಸಿಬೆಲ್ ಏರಿದಾಗ ಅವಧಿ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 100ಕ್ಕೆ ಸಿಗುವುದು ಹದಿನೈದೇ ನಿಮಿಷ, ಒಂದು ಪಾಠದಲ್ಲೇ ಮುಗಿದುಹೋಗುತ್ತದೆ. ಹತ್ತಿ ತುರುಕಿದರೆ ಪ್ರಯೋಜನವಿಲ್ಲ, ಇಯರ್‌ಮಫ್ ಅಥವಾ ಸರಿಯಾದ ಇಯರ್‌ಪ್ಲಗ್ ಬೇಕು. ಮಕ್ಕಳಿಗೆ ಕಿವಿಗಾಪು ಹಾಕಿಸದೆ ಸೆಟ್ ಮುಂದೆ ಕೂರಿಸುವ ಮೇಷ್ಟ್ರನ್ನು ಬೇರೆ ಯಾವ ಗುಣಕ್ಕೂ ಒಪ್ಪಬೇಕಾಗಿಲ್ಲ.

ಪಾಠ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಪೋಷಕರಿಗೆ ಸಂಗೀತ ಬರಬೇಕೆಂದಿಲ್ಲ. ಮಗುವಿನ ನೋಟ್‌ಬುಕ್ ತೆರೆದು ನೋಡಲಿ. 'ಪ್ಯಾರಾಡಿಡಲ್, ಎಡಗೈಯಿಂದ ಶುರು, ವೇಗ 72, ಹೆಬ್ಬೆರಳು ಸಡಿಲ' ಎಂಬಂಥ ಟಿಪ್ಪಣಿ ವಾರವಾರವೂ ಇದ್ದು ಅಂಕಿ ನಿಧಾನವಾಗಿ ಏರುತ್ತಿದ್ದರೆ ಪ್ಯಾಡ್ ಮೇಲಿನ ತಿಂಗಳುಗಳ ಬಗ್ಗೆ ತಕರಾರು ಬೇಡ. ಬರೀ 'ಪ್ರಾಕ್ಟೀಸ್ ಮಾಡು' ಎಂದಿದ್ದರೆ, ಮುಂದಿನ ತಿಂಗಳ ಫೀಸು ಕೊಡುವ ಮುನ್ನ ಮೇಷ್ಟ್ರನ್ನು ಕೇಳಬೇಕಾದ ಪ್ರಶ್ನೆಗಳಿವೆ.

– ಒಬ್ಬ ತಾಳವಾದ್ಯ ಶಿಕ್ಷಕ