ಕಂಬದ ಬುಡಕ್ಕೆ ಮಣ್ಣು ಜಡಿಯುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ

ಮಾನ್ಯ ಸಂಪಾದಕರೇ,

ಸಸಿ ನೆಡುವ ಮುಂಚೆ ನಮ್ಮೂರ ಗೋಮಾಳಕ್ಕೆ ಕಲ್ಲು ಕಂಬ ನೆಟ್ಟು ಮುಳ್ಳುತಂತಿ ಎಳೆಸಿದ್ದರು. ಮುಂಗಾರು ಶುರುವಾದ ಮೇಲೆ ಕಂಬಗಳು ಒಂದೊಂದಾಗಿ ವಾಲಿದವು. ಹೊಂಗೆ, ಬೇವಿನ ಸಸಿಗಳೆಲ್ಲ ಮೇಕೆಗಳ ಪಾಲಾದವು. ಕಂಬ ಒಳ್ಳೆಯ ಕಲ್ಲಿನದೇ. ಬುಡ ಗಟ್ಟಿ ಮಾಡಿರಲಿಲ್ಲ.

ಈಗೆಲ್ಲ ಯಂತ್ರದಲ್ಲಿ ಅಗಲವಾದ ಗುಂಡಿ ತೋಡಿ ಕಂಬ ಇಳಿಸುತ್ತಾರೆ. ಕಿತ್ತ ಮಣ್ಣನ್ನು ಒಂದೇ ಸಲ ಎಳೆದು ಸುಮ್ನೆ ಕಾಲಲ್ಲಿ ತುಳಿಯುತ್ತಾರೆ. ಮೇಲೆ ಗಟ್ಟಿ, ಕೆಳಗೆ ಪೊಳ್ಳು. ಏಳಡಿ ಕಂಬ ಎರಡಡಿಯಾದರೂ ನೆಲದೊಳಗಿರಬೇಕು. ಗುಂಡಿಯಲ್ಲಿ ಹಾರೆ ಆಡುವಷ್ಟು ಜಾಗವಿದ್ದರೆ ಸಾಕು. ಅಗೆಯದೆ ಬಿಟ್ಟ ಮಣ್ಣಿನಷ್ಟು ಬಿಗಿ ನಾವು ತುಂಬಿದ ಮಣ್ಣಿಗೆ ಬರುವುದಿಲ್ಲ. ತಳದಲ್ಲಿ ಕಲ್ಲಿನ ಚೂರುಗಳನ್ನು ಕಂಬಕ್ಕೆ ಒತ್ತಿ ಬಿಗಿಯಬೇಕು. ಆಮೇಲೆ ಅರ್ಧ ಅಡಿ ಮಣ್ಣು ಹಾಕಿ ಜಡಿಯಬೇಕು. ಮತ್ತೆ ಅರ್ಧ ಅಡಿ, ಮತ್ತೆ ಜಡಿಯಬೇಕು. ಮಣ್ಣು ತುಸು ಹಸಿ ಇರಬೇಕು, ಕೆಸರಾಗಬಾರದು. ಕೊನೆಗೆ ಬುಡದಲ್ಲಿ ನೀರು ನಿಲ್ಲದಂತೆ ಮಣ್ಣನ್ನು ಸ್ವಲ್ಪ ಏರಿಸಬೇಕು.

ನಮ್ಮ ಹಿರಿಯೂರು ತಾಲ್ಲೂಕಿನಲ್ಲಿ ಕೆಂಪು ನೆಲವೂ ಇದೆ, ಕಪ್ಪು ಮಣ್ಣಿನ ಎರೆ ನೆಲವೂ ಇದೆ. ಎರಡಕ್ಕೂ ಒಂದೇ ಅಂದಾಜು ಪಟ್ಟಿ ಮಾಡುವುದು ಸರಿಯಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಕಂಬದ ಸುತ್ತ ಕೈ ತೂರುವಷ್ಟು ಸಂದು ಬೀಳುತ್ತದೆ. ಅಲ್ಲಿ ಕಿತ್ತ ಮಣ್ಣನ್ನೇ ತುಂಬದೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ತಂದು ಜಡಿಯಬೇಕು. ಗುಂಡಿಯನ್ನೂ ಇನ್ನಷ್ಟು ಆಳ ಮಾಡಬೇಕು. ಮೇಲೊಂದಿಷ್ಟು ಕಾಂಕ್ರೀಟ್ ಸುರಿದರೆ ಉಪಯೋಗವಿಲ್ಲ. ಆ ಮುದ್ದೆಯ ಸುತ್ತಲೂ ಮಣ್ಣು ಬಿಡುತ್ತದೆ, ಅಲ್ವಾ?

ಮೂಲೆ ಕಂಬದ ಮಾತೇ ಬೇರೆ. ತಂತಿ ಬಿಗಿದಾಗ ಜಗ್ಗುವುದು ಅದನ್ನೇ. ಎರಡೂ ಸಾಲಿನ ಕಡೆಯಿಂದ ಒಂದೊಂದು ಕಲ್ಲನ್ನು ಓರೆಯಾಗಿ ಆತುಕೊಡಬೇಕು. ಆ ಕಲ್ಲಿನ ಕಾಲು ಜಾರದಂತೆ ನೆಲದಲ್ಲಿ ಚಪ್ಪಡಿ ಹೂಳಬೇಕು. ಮೂಲೆ ಸಡಿಲವಾದರೆ ಇಡೀ ಸಾಲಿನ ತಂತಿ ಜೋಲುತ್ತದೆ.

ಕೆಲಸದವರನ್ನು ದೂರಿ ಪ್ರಯೋಜನವಿಲ್ಲ. ಕಂಬಕ್ಕಿಷ್ಟು ಎಂದು ಕೂಲಿ ಕೊಟ್ಟರೆ ಯಾರು ತಾನೇ ನಿಂತು ಜಡಿಯುತ್ತಾರೆ? ಪಂಚಾಯಿತಿ ಮತ್ತು ಇಲಾಖೆಯ ಎಂಜಿನಿಯರುಗಳು ಮಣ್ಣು ಜಡಿಯುವ ಕೂಲಿಯನ್ನು ಅಂದಾಜು ಪಟ್ಟಿಯಲ್ಲೇ ಬರೆಯಲಿ. ಗುಂಡಿ ಮುಚ್ಚುವ ಮುಂಚೆ ಆಳ ಅಳೆಯಲಿ. ಬಿಲ್ಲಿನ ಒಂದು ಪಾಲನ್ನು ಒಂದು ಮಳೆಗಾಲ ಕಳೆದ ಮೇಲೆ, ಕಂಬಗಳನ್ನು ಅಲುಗಾಡಿಸಿ ನೋಡಿ ಕೊಡಲಿ.

– ಒಬ್ಬ ರೈತ, ಹಿರಿಯೂರು ತಾಲ್ಲೂಕು