ಕಾಕಂಬಿಯ ಕಥೆ ಬರೆದ ತಂಗಿಗೆ

ಪ್ರೀತಿಯ ತಂಗೀ,

ನೀನು ಕಳಿಸಿದ ‘ಯಾರಿಗೂ ಗೊತ್ತಿಲ್ಲದ ಹತ್ತು ಇತಿಹಾಸದ ಕಥೆಗಳು’ ಓದಿದೆ. ಮೊದಲ ಸಲ ಓದಿದಾಗ ಜೋರಾಗಿ ನಕ್ಕೆ. ರಾತ್ರಿ ಮತ್ತೆ ತೆಗೆದು ನೋಡಿದೆ, ಏಳನೆಯ ಕಥೆಯ ಹತ್ತಿರ ನಿಂತುಬಿಟ್ಟೆ. ಈ ಪತ್ರ ಹೆಚ್ಚೂಕಡಿಮೆ ಅದರ ಬಗ್ಗೆಯೇ.

ಮೊದಲು ಒಂದು ಸಣ್ಣ ತಕರಾರು. ‘ಯಾರಿಗೂ ಗೊತ್ತಿಲ್ಲದ’ ಅನ್ನುವುದನ್ನು ತೆಗೆದುಬಿಡು. ಆಯಾ ಊರಿನವರಿಗೆ ಚೆನ್ನಾಗಿಯೇ ಗೊತ್ತಿರುತ್ತದೆ. ಗೊತ್ತಿಲ್ಲದವರು ನಾನು, ನೀನು.

ಈಗ ಏಳನೆಯದು. ‘1919ರಲ್ಲಿ ಅಮೆರಿಕದ ಬೋಸ್ಟನ್‌ನಲ್ಲಿ ಮೊಲಾಸಸ್ ಎಂಬ ಸಿಹಿ ದ್ರವದ ಪ್ರವಾಹ ಬಂದು 21 ಜನ ಸತ್ತರು. ನಂಬುತ್ತೀರಾ?’ ಅಂತ ಶುರು ಮಾಡಿದ್ದೀಯ. ಅಲ್ಲಮ್ಮಾ, ಮಂಡ್ಯದ ಹುಡುಗಿ ನೀನು. ಕಬ್ಬಿನ ಗಾಡಿಗಳ ಹಿಂದೆ ಓಡಿ ಬೆಳೆದವಳು. ಕಾಕಂಬಿ ಅನ್ನುವ ಮಾತು ಎಲ್ಲಿ ಹೋಯಿತು? ‘ಸಿಹಿ ದ್ರವ’ ಅಂದರೆ ಓದುವವನಿಗೆ ದೋಸೆಯ ಮೇಲೆ ಸುರಿದ ಜೋನಿಬೆಲ್ಲ ಕಾಣುತ್ತದೆ. ಅದಕ್ಕೇ ನಗು ಬರುವುದು. ಕಾಕಂಬಿ ಅಂದರೆ ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಪಾಕ: ಕಪ್ಪು, ಅಂಟು, ಮೂಗಿಗೆ ಹೊಡೆಯುವ ಹುಳಿ ವಾಸನೆ. ನಿನ್ನ ಕಡೆಯವರು ಅದನ್ನು ಓದಿ ನಗುವುದಿಲ್ಲ. ಒಂದು ಕೊಡ ನೀರಿಗಿಂತ ಒಂದು ಕೊಡ ಕಾಕಂಬಿ ಹತ್ತಿರಹತ್ತಿರ ಒಂದೂವರೆಯಷ್ಟು ಭಾರ. ಅಂಥದ್ದು ಸುಮಾರು 87 ಲಕ್ಷ ಲೀಟರ್, 50 ಅಡಿ ಎತ್ತರದ ಉಕ್ಕಿನ ಟ್ಯಾಂಕಿನಲ್ಲಿ, ಮನೆಗಳ ಪಕ್ಕದಲ್ಲೇ ನಿಂತಿತ್ತು.

ಯಾಕೆ ನಿಂತಿತ್ತು ಅಂತ ನೀನು ಕೇಳಿಕೊಂಡೇ ಇಲ್ಲ. ನನಗೆ ಬೇಸರವಾಗಿದ್ದು ಅಲ್ಲಿ. ಮೊದಲ ಮಹಾಯುದ್ಧದ ಕಾಲ ಅದು. ಕಾಕಂಬಿಯಿಂದ ಆಲ್ಕೋಹಾಲ್, ಆಲ್ಕೋಹಾಲಿನಿಂದ ಮದ್ದುಗುಂಡು. ಬೇಡಿಕೆ ಜಾಸ್ತಿ, ಎಲ್ಲದಕ್ಕೂ ಅವಸರ. 1915ರ ಕೊನೆಗೆ ಟ್ಯಾಂಕ್ ಕಟ್ಟಿ ಮುಗಿಸಿದರು. ಟ್ಯಾಂಕಿನ ಒಡೆಯ ಕಂಪನಿಯ ಪರವಾಗಿ ಕೆಲಸ ನೋಡಿಕೊಂಡ ಆರ್ಥರ್ ಜೆಲ್ ಲೆಕ್ಕಪತ್ರದ ಮನುಷ್ಯ, ಎಂಜಿನಿಯರ್ ಅಲ್ಲ. ಪೂರ್ತಿ ನೀರು ತುಂಬಿಸಿ ಸೋರುತ್ತದೆಯೇ ಅಂತ ನೋಡಬೇಕಿತ್ತು. ಕಾಕಂಬಿಯ ಹಡಗು ಬರುವ ಹೊತ್ತಾಗಿತ್ತು, ತಳದಲ್ಲಿ ಅರ್ಧ ಅಡಿ ನೀರು ಬಿಟ್ಟು ಸರಿಯಾಗಿದೆ ಅಂದರು. ಟ್ಯಾಂಕ್ ಮೊದಲಿನಿಂದಲೂ ಸೋರಿತು. ಅಕ್ಕಪಕ್ಕದ ಮಕ್ಕಳು ಡಬ್ಬಿ ಹಿಡಿದು ಬಂದು ಸೋರಿದ್ದನ್ನು ತುಂಬಿಕೊಂಡು ಹೋಗುತ್ತಿದ್ದರು. ದೂರುಗಳು ಬಂದವು. ಆಗ ಕಂಪನಿ ಏನು ಮಾಡಿತು ಗೊತ್ತಾ? ಟ್ಯಾಂಕಿಗೆ ಕಂದು ಬಣ್ಣ ಬಳಿಸಿತು. ಸೋರಿದ್ದು ಕಾಣದ ಹಾಗೆ.

ನಿನ್ನ ಕಥೆಯಲ್ಲಿ ಈ ಬಣ್ಣದ ಮಾತು ಇಲ್ಲವೇ ಇಲ್ಲ. ಪ್ರವಾಹದ ವೇಗ ಇದೆ, ಅಲೆಯ ಎತ್ತರ ಇದೆ, ಕುದುರೆಗಳು ಸಿಕ್ಕಿಹಾಕಿಕೊಂಡಿದ್ದು ಇದೆ. ನಾನಾಗಿದ್ದರೆ ಬಣ್ಣದ ಡಬ್ಬಿಯಿಂದ ಶುರು ಮಾಡುತ್ತಿದ್ದೆ.

ಇನ್ನೊಂದು. ಆ ಬಡಾವಣೆ ನಾರ್ತ್ ಎಂಡ್. ಅಲ್ಲಿದ್ದವರು ಹೆಚ್ಚಾಗಿ ಇಟಲಿಯಿಂದ ವಲಸೆ ಬಂದ ಬಡವರು. ಎಷ್ಟೋ ಜನಕ್ಕೆ ಇನ್ನೂ ಪೌರತ್ವ ಇಲ್ಲ, ಅಂದ ಮೇಲೆ ಓಟೂ ಇಲ್ಲ. ಅಂಥ ಟ್ಯಾಂಕು ಸಾಹುಕಾರರ ಬೀದಿಯಲ್ಲಿ ಏಳುತ್ತಿತ್ತಾ, ಹೇಳು. ಜನವರಿ 15, ಬುಧವಾರ, ಮಧ್ಯಾಹ್ನ ಊಟದ ಹೊತ್ತಿಗೆ ಟ್ಯಾಂಕ್ ಒಡೆಯಿತು. ಎರಡೇ ದಿನ ಹಿಂದೆ ಪೋರ್ಟೊರಿಕೋದ ಹಡಗಿನಿಂದ ಅದಕ್ಕೆ ಹೊಸ ಕಾಕಂಬಿ ತುಂಬಿಸಿದ್ದರು. ಸತ್ತವರಲ್ಲಿ ಹತ್ತು ವರ್ಷದ ಇಬ್ಬರು ಮಕ್ಕಳಿದ್ದರು. ಸಂಜೆ ಚಳಿ ಏರಿದಂತೆ ಕಾಕಂಬಿ ಗಟ್ಟಿಯಾಗುತ್ತಾ ಹೋಯಿತು, ಒಳಗೆ ಸಿಕ್ಕಿದವರನ್ನು ಎಳೆಯುವುದು ಇನ್ನೂ ಕಷ್ಟವಾಯಿತು. ಕಡೆಯ ಶವ ಸಿಕ್ಕಿದ್ದು ನಾಲ್ಕು ತಿಂಗಳ ಮೇಲೆ.

ಆಮೇಲೆ ಕಂಪನಿ ಕೋರ್ಟಿನಲ್ಲಿ ಹೇಳಿದ್ದನ್ನು ಕೇಳು: ಯಾರೋ ಅರಾಜಕತಾವಾದಿಗಳು ಬಾಂಬ್ ಇಟ್ಟರಂತೆ. ಆ ಕಾಲದಲ್ಲಿ ಹಾಗಂದರೆ ಜನ ತಿರುಗಿ ನೋಡುತ್ತಿದ್ದದ್ದು ಇಟಲಿಯವರ ಕಡೆಗೇ. ಸತ್ತವರಲ್ಲಿ ಅವರೂ ಇದ್ದರು, ಅನುಮಾನವೂ ಅವರ ಮೇಲೇ! ವಿಚಾರಣೆ ವರ್ಷಗಟ್ಟಲೆ ಎಳೆಯಿತು. 1925ರಲ್ಲಿ ಹ್ಯೂ ಆಗ್ಡನ್ ಎಂಬ ವಿಚಾರಣಾಧಿಕಾರಿ ಬಾಂಬಿನ ಕಥೆ ಒಪ್ಪಲಿಲ್ಲ, ಟ್ಯಾಂಕೇ ದುರ್ಬಲವಾಗಿತ್ತು ಅಂದ. ಕಂಪನಿ ಆರು ಲಕ್ಷ ಡಾಲರಿಗೂ ಜಾಸ್ತಿ ಪರಿಹಾರ ಕಟ್ಟಿತು.

ನಿನ್ನ ಕೊನೆಯ ಸಾಲು: ‘ಇಂದಿಗೂ ಬೇಸಿಗೆಯಲ್ಲಿ ಆ ಬೀದಿಯಲ್ಲಿ ಸಿಹಿ ವಾಸನೆ ಬರುತ್ತದೆ.’ ಚೆನ್ನಾಗಿದೆ, ಹೊಡೆದು ಹಾಕು. ಬಹಳ ವರ್ಷ ವಾಸನೆ ಇತ್ತು ಅಂತ ಅಲ್ಲಿನ ಹಳಬರು ಹೇಳುತ್ತಿದ್ದರು, ಅದನ್ನು ಅವರ ಮಾತಾಗಿಯೇ ಬರಿ. ನೂರು ವರ್ಷ ದಾಟಿದ ವಾಸನೆಗೆ ನೀನು ಸಾಕ್ಷಿ ಹೇಳಬೇಡ.

ಇದನ್ನು ದೊಡ್ಡಸ್ತಿಕೆಯಿಂದ ಹೇಳುತ್ತಿಲ್ಲ. ನಾನೂ ಇಂಥದ್ದೇ ಹೊಂಡಕ್ಕೆ ಬಿದ್ದವನು. ವರ್ಷಗಳ ಹಿಂದೆ ಒಂದು ಪತ್ರಿಕೆಗೆ ಲಂಡನ್ನಿನ ಬಿಯರ್ ಪ್ರವಾಹದ ಬಗ್ಗೆ ಬರೆದೆ. 1814ರ ಅಕ್ಟೋಬರ್ 17, ಬ್ರೂವರಿಯ ಆಳೆತ್ತರ ಮೀರಿದ ಪೀಪಾಯಿ ಒಡೆದು ಬೀದಿಗೆ ಬಿಯರ್ ನುಗ್ಗಿತು, ಎಂಟು ಜನ ಸತ್ತರು. ಜನ ಬೊಗಸೆಯಲ್ಲಿ ಮೊಗೆದು ಕುಡಿದರು, ಒಬ್ಬ ಕುಡಿದೂ ಕುಡಿದೂ ಸತ್ತ ಅಂತ ರಸವತ್ತಾಗಿ ಸೇರಿಸಿದೆ. ಓದುಗರೊಬ್ಬರು ಒಂದು ಕಾರ್ಡ್ ಹಾಕಿದರು. ‘ಇದು ತಮಗೆ ಎಲ್ಲಿ ಸಿಕ್ಕಿತು?’ ಅಷ್ಟೇ ಇತ್ತು ಅದರಲ್ಲಿ. ಹುಡುಕಿದೆ. ಆ ಕಾಲದ ಪತ್ರಿಕೆಗಳ ವರದಿಯಲ್ಲಿ ಅಂಥ ಮಾತೇ ಇಲ್ಲ, ಯಾರೋ ಆಮೇಲೆ ಸೇರಿಸಿದ್ದು. ಸತ್ತ ಎಂಟೂ ಜನ ಹೆಂಗಸರು, ಮಕ್ಕಳು. ಅವರಲ್ಲಿ ಐದು ಜನ ಒಂದು ನೆಲಮಾಳಿಗೆಯಲ್ಲಿ, ಎರಡು ವರ್ಷದ ಮಗುವಿನ ಶವದ ಮುಂದೆ ಕೂತಿದ್ದವರು. ಸಾವಿನ ಮನೆ, ತಂಗೀ. ಅದರ ಮೇಲೆ ನಾನು ಕುಡುಕರ ಜೋಕ್ ಬರೆದಿದ್ದೆ. ಕೊನೆಗೆ ಹರಿದುಹೋದ ಬಿಯರಿಗೆ ಕಟ್ಟಿದ್ದ ತೆರಿಗೆಯನ್ನು ಕಂಪನಿಗೆ ಸರ್ಕಾರ ವಾಪಸ್ ಕೊಟ್ಟಿತು ಅನ್ನುವುದು ಸಿಕ್ಕಾಗ ಪೆನ್ನು ಮುಚ್ಚಿಟ್ಟು ಸುಮ್ನೆ ಕೂತೆ. ಆ ಕಾರ್ಡ್ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಬೆಳೆಗೆ ನುಗ್ಗುತ್ತಿದ್ದ ಎಮು ಹಕ್ಕಿಗಳ ಮೇಲೆ ಆಸ್ಟ್ರೇಲಿಯಾದ ಸೈನ್ಯ ಮೆಷಿನ್ ಗನ್ ತಂದು ಸೋತದ್ದು ನಿನ್ನ ಮೂರನೆಯ ಕಥೆ. ಅದು ನಿಜಕ್ಕೂ ನಗು ತರುವಂಥದ್ದೇ, ನಗಿಸು ಪರವಾಗಿಲ್ಲ. ಆದರೆ 1932ರಲ್ಲಿ ಗನ್ ಬೇಕು ಅಂತ ಕೇಳಿದ ರೈತರು ಯಾರು? ಮಹಾಯುದ್ಧದಿಂದ ಮರಳಿ, ಸರ್ಕಾರದ ಮಾತು ನಂಬಿ ಒಣಭೂಮಿ ಹಿಡಿದ ಮಾಜಿ ಸೈನಿಕರು ಬಹಳ ಜನ ಇದ್ದರು ಅವರಲ್ಲಿ. ಗೋಧಿಯ ಬೆಲೆ ಪಾತಾಳ ಕಂಡಿತ್ತು. ಮೆಷಿನ್ ಗನ್ನಿನ ಕೆಲಸ ಅವರಿಗೆ ಗೊತ್ತಿತ್ತು, ಅದಕ್ಕೇ ಕೇಳಿದರು. ಈ ಎರಡು ಸಾಲು ಎಲ್ಲಾದರೂ ತೂರಿಸು.

ಉಳಿದ ಎಂಟು ಸದ್ಯಕ್ಕೆ ಪಕ್ಕಕ್ಕಿಡು. ಹತ್ತು ಯಾಕೆ ಬೇಕು? ಸಂಕ್ರಾಂತಿಗೆ ಊರಿಗೆ ಹೋಗುತ್ತೀಯಲ್ಲ, ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಿಮ್ಮ ಮಾವನಿಗೆ ಹೇಳಿ ಒಂದು ಬಿಂದಿಗೆ ಕಾಕಂಬಿ ತರಿಸು. ಎತ್ತಿ ನೋಡು. ಕೈ ಅದ್ದಿ, ಬೆರಳು ಬಿಡಿಸಲು ಎಷ್ಟು ಹೊತ್ತು ಬೇಕು ನೋಡು. ಕೈ ತೊಳೆದುಕೊಂಡ ಮೇಲೆ ಮೊದಲ ಪ್ಯಾರಾ ಬರಿ, ನನಗೆ ಕಳಿಸು.

ನಿನ್ನ,
ಅಣ್ಣ