ಕ್ಲಿಪ್ಪರ್ಸ್ ಮಾಲೀಕನ ವಿಚಾರ: ಅಪ್ಪನಿಗೊಂದು ಪತ್ರ

ಲಾಸ್ ಏಂಜಲೀಸ್
16 ಆಗಸ್ಟ್ 2014

ತೀರ್ಥರೂಪ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮೆಲ್ಲರ ಕ್ಷೇಮಸಮಾಚಾರಕ್ಕೆ ಆಗಾಗ ಬರೆಯುತ್ತಿರಿ.

ಇಲ್ಲಿಯ ಕ್ಲಿಪ್ಪರ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಕಳೆದ ಮಂಗಳವಾರ ಕೊನೆಗೂ ಕೈ ಬದಲಾಯಿಸಿತು. ಏಪ್ರಿಲ್‌ನಲ್ಲಿ ಈ ಗಲಾಟೆ ಶುರುವಾದಾಗ ನೀವು ಫೋನಿನಲ್ಲಿ ಒಂದು ಪ್ರಶ್ನೆ ಕೇಳಿದ್ದಿರಿ: ಒಬ್ಬ ತನ್ನ ಮನೆಯೊಳಗೆ ಕೂತು ಆಡಿದ ಮಾತಿಗೆ ಅವನ ಆಸ್ತಿಯನ್ನೇ ಮಾರಿಸಲು ಯಾವ ಕಾನೂನಿದೆ? ಆಗ ಸರಿಯಾಗಿ ಹೇಳಲು ಆಗಲಿಲ್ಲ. ಈಗ ಎಲ್ಲ ಮುಗಿದಿರುವುದರಿಂದ ಬಿಡಿಸಿ ಬರೆಯುತ್ತೇನೆ. ವಿನಯನಿಗೂ ಓದಲು ಕೊಡಿ, ಅವನಿಗೆ ಆಟದ ಭಾಗ ಚೆನ್ನಾಗಿ ಗೊತ್ತಾಗುತ್ತದೆ.

ಮಾಲೀಕ ಡೊನಾಲ್ಡ್ ಸ್ಟರ್ಲಿಂಗ್. ವೃತ್ತಿಯಿಂದ ವಕೀಲ, ಸಂಪಾದನೆ ಪೂರಾ ಬಾಡಿಗೆ ಮನೆಗಳಿಂದ. 1981ರಲ್ಲಿ ಸುಮಾರು 1.25 ಕೋಟಿ ಡಾಲರಿಗೆ ಈ ತಂಡ ಕೊಂಡ. ಆಗ ತಂಡ ಸ್ಯಾನ್ ಡಿಯಾಗೊದಲ್ಲಿತ್ತು. 1984ರಲ್ಲಿ ಎನ್‌ಬಿಎ ಲೀಗಿನ (ಇಲ್ಲಿಯ ದೊಡ್ಡ ಬ್ಯಾಸ್ಕೆಟ್‌ಬಾಲ್ ತಂಡಗಳ ಒಕ್ಕೂಟ) ಒಪ್ಪಿಗೆ ಇಲ್ಲದೆಯೇ ಲಾಸ್ ಏಂಜಲೀಸಿಗೆ ಎತ್ತಿಕೊಂಡು ಬಂದ. ಈ ವರ್ಷ ಏಪ್ರಿಲ್ 25ರ ರಾತ್ರಿ ಒಂದು ಧ್ವನಿಮುದ್ರಣ ಹೊರಬಿತ್ತು. ಮಾರನೆಯ ದಿನ ಅವನಿಗೆ 80 ತುಂಬುವುದಿತ್ತು. ಹಿಂದಿನ ಸೆಪ್ಟೆಂಬರಿನಲ್ಲಿ ತನ್ನ ಗೆಳತಿಯ ಜೊತೆ ಆಡಿದ ಮಾತು ಅದು. ಆಕೆ ಹಳೆಯ ದೊಡ್ಡ ಆಟಗಾರ ಮ್ಯಾಜಿಕ್ ಜಾನ್ಸನ್ ಜೊತೆ ತೆಗೆಸಿಕೊಂಡ ಫೋಟೋವನ್ನು ಇನ್‌ಸ್ಟಾಗ್ರಾಮಿಗೆ ಹಾಕಿದ್ದಕ್ಕೆ ಅವನಿಗೆ ಸಿಟ್ಟು. ಕಪ್ಪು ಜನರ ಜೊತೆ ಒಳಗೊಳಗೆ ಏನು ಬೇಕಾದರೂ ಮಾಡಿಕೋ, ನಾಲ್ಕು ಜನಕ್ಕೆ ತೋರಿಸಬೇಡ, ನನ್ನ ಪಂದ್ಯಕ್ಕೆ ಅವರನ್ನು ಕರೆದುಕೊಂಡು ಬರಬೇಡ ಎನ್ನುವ ಅರ್ಥದ ಮಾತು. ಆ ಗೆಳತಿಯೂ ಅರ್ಧ ಕಪ್ಪು ಜನಾಂಗದವಳೇ.

ಅದಕ್ಕಿಂತ ನನಗೆ ಹೆಚ್ಚು ಚುಚ್ಚಿದ್ದು ಆಮೇಲೆ ಬಂದ ಇನ್ನೊಂದು ತುಣುಕು. ನಿಮ್ಮ ತಂಡದವರೇ ಕಪ್ಪು ಜನರಲ್ಲವೇ ಎಂದು ಆಕೆ ಕೇಳುತ್ತಾಳೆ. ಅದಕ್ಕೆ ಅವನು, ಅವರಿಗೆ ಊಟ, ಬಟ್ಟೆ, ಕಾರು, ಮನೆ ಕೊಡುವವನು ನಾನೇ, ಬೇರೆ ಯಾರಾದರೂ ಕೊಡುತ್ತಾರೆಯೇ, ಎನ್ನುತ್ತಾನೆ. ಅಪ್ಪ, ಇದು ಧಣಿ ತನ್ನ ಜೀತದಾಳಿನ ಬಗ್ಗೆ ಆಡುವ ಮಾತು. ಎನ್‌ಬಿಎ ಆಟಗಾರರಲ್ಲಿ ನಾಲ್ಕರಲ್ಲಿ ಮೂರು ಪಾಲು ಕಪ್ಪು ಜನಾಂಗದವರು. 2011ರ ಒಪ್ಪಂದದ ಪ್ರಕಾರ ಆಟದಿಂದ ಬರುವ ಆದಾಯದಲ್ಲಿ ಹೆಚ್ಚುಕಡಿಮೆ ಅರ್ಧ ಆಟಗಾರರದ್ದು, ಅದು ಬರಹದಲ್ಲಿರುವ ಹಕ್ಕು. ದುಡಿದವನ ಪಾಲನ್ನು ತನ್ನ ದಾನ ಎಂದುಕೊಂಡವನ ಹಂಗಿನ ಲೆಕ್ಕ ಆ ಒಂದು ವಾಕ್ಯದಲ್ಲಿ ಪೂರಾ ಇದೆ.

ಈಗ ನಿಮ್ಮ ಪ್ರಶ್ನೆ. ಹೀಗೆ ಮಾತಾಡುವುದು ಇಲ್ಲಿ ಅಪರಾಧವಲ್ಲ. ಸರ್ಕಾರ ಅವನ ಮೇಲೆ ಈ ಮಾತಿಗಾಗಿ ಕೇಸು ಹಾಕಲೇ ಇಲ್ಲ, ಹಾಕುವ ಹಾಗೂ ಇರಲಿಲ್ಲ. ಕಾನೂನಿನ ತೊಡಕು ಇದ್ದದ್ದು ಇನ್ನೊಂದು ಕಡೆ: ಕ್ಯಾಲಿಫೋರ್ನಿಯಾದಲ್ಲಿ ಇಬ್ಬರ ಖಾಸಗಿ ಮಾತನ್ನು ಒಬ್ಬರಿಗೆ ತಿಳಿಯದ ಹಾಗೆ ರೆಕಾರ್ಡ್ ಮಾಡುವುದು ತಪ್ಪು. ಅವನಿಗೆ ಗೊತ್ತಿದ್ದೇ ರೆಕಾರ್ಡ್ ಆಗಿದ್ದು ಎಂದು ಆಕೆಯ ಕಡೆಯವರು ಹೇಳಿದರು. ಆದರೆ ಲೀಗಿನ ಮಟ್ಟಿಗೆ ಆ ವಾದಕ್ಕೆ ಬೆಲೆ ಇರಲಿಲ್ಲ. ಯಾಕೆಂದರೆ ಎನ್‌ಬಿಎ ಎನ್ನುವುದು 30 ಮಾಲೀಕರು ಸೇರಿ ಮಾಡಿಕೊಂಡ ಸಂಘ. ತಂಡ ಕೊಳ್ಳುವಾಗ ಪ್ರತಿಯೊಬ್ಬರೂ ಸಂಘದ ನಿಯಮಾವಳಿಗೆ ಸಹಿ ಹಾಕಿರುತ್ತಾರೆ. ನಮ್ಮೂರ ಹೌಸಿಂಗ್ ಸೊಸೈಟಿಯ ಬೈಲಾ ಇದ್ದ ಹಾಗೆ ಅಂದುಕೊಳ್ಳಿ. ಆ ನಿಯಮಾವಳಿ ಅಲ್ಲಿಯವರೆಗೆ ಗುಟ್ಟಾಗಿತ್ತು, ಈ ಪ್ರಕರಣದಲ್ಲೇ ಲೀಗ್ ಅದನ್ನು ಬಹಿರಂಗ ಮಾಡಿತು. ಓದಿದರೆ ಅವನ ಕೈ ಹೇಗೆ ಕಟ್ಟಿತ್ತು ಅಂತ ಗೊತ್ತಾಗುತ್ತದೆ. 13ನೇ ವಿಧಿಯ ಪ್ರಕಾರ, ಲೀಗಿಗೆ ಕೆಡುಕಾಗುವ ಹಾಗೆ ಕರಾರು ಮುರಿದವನನ್ನು ಮಾಲೀಕರ ಮಂಡಳಿ ಮುಕ್ಕಾಲು ಪಾಲು ಮತದಿಂದ ಹೊರಹಾಕಬಹುದು. 14ನೇ ವಿಧಿಯ ಪ್ರಕಾರ, ಆ ವಿಚಾರಣೆಯಲ್ಲಿ ಕೋರ್ಟಿನ ಸಾಕ್ಷ್ಯದ ನಿಯಮಗಳು ಬಿಗಿಯಾಗಿ ಅನ್ವಯಿಸುವುದಿಲ್ಲ, ತೀರ್ಮಾನದ ವಿರುದ್ಧ ಕೋರ್ಟಿಗೆ ಹೋಗುವ ಹಕ್ಕನ್ನೂ ಮಾಲೀಕರು ಮೊದಲೇ ಬಿಟ್ಟುಕೊಟ್ಟಿರುತ್ತಾರೆ. ಧ್ವನಿ ತನ್ನದೇ ಎಂದು ಅವನು ಒಪ್ಪಿಕೊಂಡ ಮೇಲೆ ಸಾಕ್ಷಿಯ ಪ್ರಶ್ನೆ ಅಲ್ಲಿಗೆ ತೀರಿತು.

ನಿಯಮ ಇದ್ದ ಮಾತ್ರಕ್ಕೆ ಯಾರೂ ಅದನ್ನು ಎತ್ತಿಕೊಳ್ಳುವುದಿಲ್ಲ, ಅದು ನಿಮಗೆ ಗೊತ್ತು. ಎತ್ತಿಕೊಳ್ಳುವ ಹಾಗೆ ಮಾಡಿದವರು ಆಟಗಾರರು.

ಆಗ ಪ್ಲೇಆಫ್, ಅಂದರೆ ಪ್ರಶಸ್ತಿಗಾಗಿ ಆಡುವ ಕೊನೆಯ ಹಂತದ ಪಂದ್ಯಗಳು, ನಡೆಯುತ್ತಿತ್ತು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ವಿರುದ್ಧ ಏಳು ಪಂದ್ಯಗಳ ಸರಣಿಯಲ್ಲಿ ಕ್ಲಿಪ್ಪರ್ಸ್ 2-1ರಿಂದ ಮುಂದಿದ್ದರು. ನಾಲ್ಕನೇ ಪಂದ್ಯ 27ರ ಭಾನುವಾರ, ಓಕ್ಲೆಂಡಿನಲ್ಲಿ. ಟೇಪು ಹೊರಬಿದ್ದು ಎರಡು ದಿನ ಕೂಡ ಪೂರ್ತಿ ಆಗಿರಲಿಲ್ಲ. ಆಡುವುದೇ ಬೇಡ ಎನ್ನಬಹುದಿತ್ತು. ಆದರೆ ಆಟಗಾರರ ಸಾಮೂಹಿಕ ಒಪ್ಪಂದದಲ್ಲಿ ಮುಷ್ಕರ ಮಾಡಬಾರದು ಎಂಬ ಷರತ್ತಿದೆ. ಮುರಿದರೆ ತಪ್ಪು ಅವರ ತಲೆಗೇ ಬರುತ್ತದೆ. ಪಂದ್ಯ ಬಿಟ್ಟುಕೊಟ್ಟರೆ ವರ್ಷವಿಡೀ ಬೆವರು ಹರಿಸಿದ್ದು ಯಾರಿಗಾಗಿ ಎಂಬ ಪ್ರಶ್ನೆ ಬೇರೆ. ತಂಡದ ನಾಯಕ ಕ್ರಿಸ್ ಪಾಲ್ ಇಡೀ ಎನ್‌ಬಿಎ ಆಟಗಾರರ ಸಂಘದ ಅಧ್ಯಕ್ಷ ಕೂಡ. ಆತ ಒಂದು ಹೆಜ್ಜೆ ಇಟ್ಟರೆ ಎಲ್ಲರ ಪರವಾಗಿ ಇಟ್ಟ ಹಾಗೆ.

ಅವರು ಮಾಡಿದ್ದು ಇಷ್ಟು. ವಾರ್ಮಪ್‌ಗೆ ಬಂದವರು ನೇರ ಅಂಗಣದ ನಡುವಿನ ವೃತ್ತಕ್ಕೆ ನಡೆದರು. ತಂಡದ ಜಾಕೆಟ್ ಬಿಚ್ಚಿ ಅಲ್ಲೇ ನೆಲಕ್ಕೆ ಹಾಕಿದರು. ಒಬ್ಬರ ಮೇಲೊಬ್ಬರದು ಬಿದ್ದು ಗುಡ್ಡೆಯಾಯಿತು. ಒಳಗಿದ್ದ ಕೆಂಪು ಅಂಗಿಯನ್ನು ತಿರುವುಮುರುವು ಮಾಡಿ ತೊಟ್ಟಿದ್ದರು: ಹೊಲಿಗೆ ಹೊರಗೆ, ತಂಡದ ಹೆಸರು ಒಳಗೆ, ಮೈಗೆ ತಾಗಿಕೊಂಡು. ಕೈಗೆ ಕಪ್ಪು ಪಟ್ಟಿ, ಕಾಲಿಗೆ ಕಪ್ಪು ಕಾಲುಚೀಲ. ಭಾಷಣ ಇಲ್ಲ, ಘೋಷಣೆ ಇಲ್ಲ. ಆಮೇಲೆ ಪಂದ್ಯ ಆಡಿ 97-118ರಿಂದ ಸೋತರು. ಆ ದಿನ ಅವರ ಮನಸ್ಸು ಆಟದಲ್ಲಿ ಇರಲಿಲ್ಲ ಎಂದು ಯಾರು ನೋಡಿದರೂ ಹೇಳುತ್ತಿದ್ದರು. ಅಂಗಿ ತಿರುಗಿಸಿ ಹಾಕಿಕೊಂಡದ್ದು ಏನು ಸಾಲುತ್ತದೆ ಎಂದು ಕೆಲವರು ಇಲ್ಲಿ ಟೀಕೆ ಮಾಡಿದರು. ನನಗೆ ಹಾಗನ್ನಿಸುವುದಿಲ್ಲ. ಮಾಲೀಕನ ತಂಡದ ಹೆಸರಿನ ಮೇಲೆ ದುಡಿಯುವವರು ಆ ಹೆಸರನ್ನು ಮುಚ್ಚಿಕೊಂಡು ಅವನದೇ ಪಂದ್ಯ ಆಡಿದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು.

ಸೋಮವಾರ ದುಡ್ಡು ಅಲುಗಾಡಿತು. ಒಂಬತ್ತು ವರ್ಷದಿಂದ ಜಾಹೀರಾತು ಕೊಡುತ್ತಿದ್ದ ಕಾರ್‌ಮ್ಯಾಕ್ಸ್ ಸಂಬಂಧ ಕಡಿದುಕೊಂಡಿತು. ಕಿಯಾ, ರೆಡ್ ಬುಲ್, ಸ್ಟೇಟ್ ಫಾರ್ಮ್ ಮುಂತಾದವರು ತಡೆಹಿಡಿದರು. ಕಡಿಯುವುದು ಬೇರೆ, ತಡೆಹಿಡಿಯುವುದು ಬೇರೆ, ಗಮನಿಸಿ. ಹೆಚ್ಚಿನವರು ಎರಡನೆಯದನ್ನೇ ಮಾಡಿದರು. ಮಾಲೀಕ ಹೋದರೆ ಮರಳಿ ಬರುತ್ತೇವೆ, ಹೋಗದಿದ್ದರೆ ಇಲ್ಲ ಎಂದು ಲೀಗಿಗೆ ಹೇಳುವ ದಾರಿ ಅದು. ಮಂಗಳವಾರ ಐದನೇ ಪಂದ್ಯ. ಮಾಲೀಕನನ್ನು ಸುಮ್ಮನೆ ಬಿಟ್ಟರೆ ಚೆಂಡು ಎಸೆದ ಕೂಡಲೇ ವಾರಿಯರ್ಸ್ ಆಟಗಾರರು ಅಂಗಣದಿಂದ ಹೊರನಡೆಯಲು ಸಿದ್ಧರಾಗಿದ್ದರು ಎಂದು ಆಮೇಲೆ ಪತ್ರಿಕೆಯಲ್ಲಿ ಬಂತು.

ಲೀಗಿನ ಮುಖ್ಯಸ್ಥ, ಕಮಿಷನರ್ ಆ್ಯಡಮ್ ಸಿಲ್ವರ್ ಕುರ್ಚಿಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಮಂಗಳವಾರ, 29ರಂದು, ತೀರ್ಪು ಹೇಳಿದ. ಆಜೀವ ನಿಷೇಧ: ಪಂದ್ಯಕ್ಕೆ ಬರುವಂತಿಲ್ಲ, ಅಭ್ಯಾಸಕ್ಕೆ ಬರುವಂತಿಲ್ಲ, ತಂಡದ ಕಚೇರಿಗೆ ಕಾಲಿಡುವಂತಿಲ್ಲ, ಮಾಲೀಕರ ಸಭೆಯಲ್ಲಿ ಕೂರುವಂತಿಲ್ಲ. ದಂಡ 25 ಲಕ್ಷ ಡಾಲರ್, ಅಂದರೆ ಸುಮಾರು 15 ಕೋಟಿ ರೂಪಾಯಿ. ನಿಯಮಾವಳಿಯಲ್ಲಿ ಅದಕ್ಕಿಂತ ಹೆಚ್ಚು ಹಾಕಲು ಅವಕಾಶವಿರಲಿಲ್ಲ. ಆ ಹಣ ತಾರತಮ್ಯದ ವಿರುದ್ಧ ಕೆಲಸ ಮಾಡುವ ಸಂಸ್ಥೆಗಳಿಗೆ ಎಂದೂ ಹೇಳಿದ. ತಂಡವನ್ನು ಮಾರಿಸುವುದು ಮಾತ್ರ ಕಮಿಷನರನ ಕೈಯಲ್ಲಿಲ್ಲ, ಅದಕ್ಕೆ ಉಳಿದ ಮಾಲೀಕರ ಮತ ಬೇಕು. ಆ ರಾತ್ರಿ ಕ್ಲಿಪ್ಪರ್ಸ್ 113-103ರಿಂದ ಗೆದ್ದರು.

ಪತ್ರಕರ್ತರು ಅಂದು ಕೇಳಿದ ಒಂದು ಪ್ರಶ್ನೆಗೆ ಸಿಲ್ವರ್ ಕೊಟ್ಟ ಉತ್ತರ ಇನ್ನೂ ನನ್ನ ತಲೆಯಲ್ಲಿದೆ. ಈ ಶಿಕ್ಷೆ ಕೊಡುವಾಗ ಅವನ ಹಿಂದಿನ ನಡವಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಮಾಲೀಕರ ಮಂಡಳಿ ಮುಂದೆ ತೆಗೆದುಕೊಳ್ಳುತ್ತದೆ ಎಂದ. ಹಿಂದಿನದು ಏನು ಅಂತ ಹೇಳುತ್ತೇನೆ. ನಾನು ಈ ಪತ್ರ ಬರೆಯಲು ಕೂತಿದ್ದೇ ಅದಕ್ಕಾಗಿ.

ಸ್ಟರ್ಲಿಂಗ್ ಬಳಿ ಈ ಲಾಸ್ ಏಂಜಲೀಸ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಸುಮಾರು 119 ಕಟ್ಟಡಗಳಲ್ಲಿ 5,000ಕ್ಕೂ ಹೆಚ್ಚು ಬಾಡಿಗೆ ಮನೆಗಳಿದ್ದವು. 2006ರಲ್ಲಿ ಕೇಂದ್ರ ನ್ಯಾಯಾಂಗ ಇಲಾಖೆ ಅವನ ಮೇಲೆ ಕೇಸು ಹಾಕಿತು: ಕಪ್ಪು ಜನರಿಗೆ ಮನೆ ಕೊಡುವುದಿಲ್ಲ, ಮಕ್ಕಳಿರುವ ಸಂಸಾರಕ್ಕೆ ಕೊಡುವುದಿಲ್ಲ, ಕೊರಿಯಾಟೌನಿನ ಕಟ್ಟಡಗಳಲ್ಲಿ ಕೊರಿಯನ್ನರಲ್ಲದವರಿಗೆ ಕೊಡುವುದಿಲ್ಲ ಎಂದು. 2009ರ ನವೆಂಬರಿನಲ್ಲಿ 27.25 ಲಕ್ಷ ಡಾಲರಿಗೆ ರಾಜಿಯಾಯಿತು. ತಪ್ಪು ಒಪ್ಪಿಕೊಳ್ಳಲಿಲ್ಲ. ಅದರಲ್ಲಿ 26.25 ಲಕ್ಷ ಮನೆ ಸಿಗದವರಿಗೂ ಬಾಡಿಗೆದಾರರಿಗೂ, 1 ಲಕ್ಷ ಸರ್ಕಾರಕ್ಕೆ ದಂಡ. ಮನೆ ಬಾಡಿಗೆಯ ತಾರತಮ್ಯದಲ್ಲಿ ಇಲಾಖೆ ಅಲ್ಲಿಯವರೆಗೆ ಪಡೆದದ್ದರಲ್ಲಿ ದೊಡ್ಡ ಮೊತ್ತ ಅದು. ಇದೆಲ್ಲ ಪತ್ರಿಕೆಗಳಲ್ಲಿ ಬಂತು. ಲೀಗು ಒಂದು ದಿನದ ನಿಷೇಧವನ್ನೂ ಹಾಕಲಿಲ್ಲ. ಅದೇ 2009ರಲ್ಲಿ, ಕಪ್ಪು ಜನರ ಹಕ್ಕಿಗಾಗಿ ನೂರು ವರ್ಷದಿಂದ ಹೋರಾಡುತ್ತ ಬಂದ ಎನ್‌ಎಎಸಿಪಿಯ ಇಲ್ಲಿಯ ಶಾಖೆ ಅವನಿಗೆ ಪ್ರಶಸ್ತಿ ಕೊಟ್ಟಿತ್ತು. ಈ ಮೇ ತಿಂಗಳಲ್ಲಿ ಇನ್ನೊಂದು ಕೊಡುವುದಿತ್ತು. ಟೇಪು ಬಂದ ಮೇಲೆ ರದ್ದು ಮಾಡಿದರು, ಶಾಖೆಯ ಅಧ್ಯಕ್ಷ ರಾಜೀನಾಮೆ ಕೊಟ್ಟ.

ಇಲ್ಲಿ ಬಾಡಿಗೆಯ ತಾರತಮ್ಯ ಹಿಡಿಯುವ ಬಗೆ ನಿಮಗೆ ಹೇಳಲೇಬೇಕು. ಒಂದೇ ಸಂಬಳ, ಒಂದೇ ಥರದ ಸಂಸಾರ ಎಂದು ಹೇಳಿಕೊಳ್ಳುವ ಇಬ್ಬರನ್ನು, ಒಬ್ಬರು ಬಿಳಿಯರು ಒಬ್ಬರು ಕಪ್ಪು ಜನಾಂಗದವರು, ಸ್ವಲ್ಪ ಅಂತರದಲ್ಲಿ ಅದೇ ಮನೆ ಕೇಳಲು ಕಳಿಸುತ್ತಾರೆ. ಒಬ್ಬರಿಗೆ 'ಖಾಲಿ ಇದೆ, ನೋಡಿ', ಇನ್ನೊಬ್ಬರಿಗೆ 'ಈಗಷ್ಟೇ ಹೋಯಿತು' ಎಂದರೆ ಇಬ್ಬರೂ ಬರೆದಿಟ್ಟ ವಿವರವೇ ಸಾಕ್ಷಿ. ಒಂದು ಸಲಕ್ಕೆ ಏನೂ ಸಾಬೀತಾಗುವುದಿಲ್ಲ, ಹತ್ತಾರು ಸಲ ಮಾಡಬೇಕು. ಮನೆ ಕೊಡುವಾಗ ತಾರತಮ್ಯ ಮಾಡಬಾರದು ಎನ್ನುವ 1968ರ ಕಾಯಿದೆ ಇದಕ್ಕೆ ಆಧಾರ. ನಮ್ಮ ಬೆಂಗಳೂರಿನಲ್ಲಿ ಟು-ಲೆಟ್ ಬೋರ್ಡು ನೋಡಿ ಹೋದವರಿಗೆ 'ನೀವು ಯಾವ ಜನ?' ಎಂದು ಬಾಗಿಲಲ್ಲೇ ಕೇಳುತ್ತಾರೆ. ಇಲ್ಲಿ ಹಾಗೆ ಬಾಯಿಬಿಟ್ಟು ಕೇಳುವುದಿಲ್ಲ, ಅದಕ್ಕೇ ಹಿಡಿಯುವುದು ಇಷ್ಟು ಕಷ್ಟ. ಟೇಪು ಸುಲಭ. 5,000 ಮನೆಗಳ ಬಾಗಿಲಲ್ಲಿ ಆದದ್ದನ್ನು ಕಿವಿಗೆ ಕೇಳಿಸುವ ಟೇಪು ಇಲ್ಲ. ಹಾಗಾಗಿ ಅವನು ಬಹಿಷ್ಕೃತನಾದದ್ದು ಬಾಯಿಂದ ಬಂದ ಮಾತಿಗೆ. ಮನೆಯೇ ಸಿಗದೆ ಹೋದವರ ವಿಷಯಕ್ಕೆ ಅಂಗಣದಲ್ಲಿ ಯಾರೂ ಜಾಕೆಟ್ ಬಿಚ್ಚಲಿಲ್ಲ, ಯಾವ ಕಂಪನಿಯೂ ಜಾಹೀರಾತು ಹಿಂತೆಗೆದುಕೊಳ್ಳಲಿಲ್ಲ. ಇದು ನನ್ನನ್ನು ಕಾಡುತ್ತದೆ, ಅಪ್ಪ.

ಇನ್ನು ಮಾರಾಟ. ಮೇ 19ಕ್ಕೆ ಲೀಗ್ ನೋಟಿಸ್ ಕೊಟ್ಟಿತು, 27ರೊಳಗೆ ಉತ್ತರ, ಜೂನ್ 3ಕ್ಕೆ ವಿಚಾರಣೆ. ಅಷ್ಟರಲ್ಲಿ ಹೆಂಡತಿ ಶೆಲ್ಲಿ ಖರೀದಿದಾರರನ್ನು ಕರೆದಾಗಿತ್ತು. ತಂಡ ಇದ್ದದ್ದು ಕುಟುಂಬದ ಟ್ರಸ್ಟಿನ ಹೆಸರಲ್ಲಿ, ಗಂಡಹೆಂಡತಿ ಇಬ್ಬರೂ ಟ್ರಸ್ಟಿಗಳು. ಒಬ್ಬ ಟ್ರಸ್ಟಿಗೆ ವ್ಯವಹಾರ ನಡೆಸುವ ಮಾನಸಿಕ ಶಕ್ತಿ ಇಲ್ಲವೆಂದು ಇಬ್ಬರು ವೈದ್ಯರು ಬರೆದುಕೊಟ್ಟರೆ ಅವನ ಅಧಿಕಾರ ಹೋಗುತ್ತದೆ ಎಂದು ಟ್ರಸ್ಟ್ ಪತ್ರದಲ್ಲಿತ್ತು. ಹಾಗೆ ಬರೆಸಿಕೊಂಡು ಆಕೆ ಮೇ 29ಕ್ಕೆ 200 ಕೋಟಿ ಡಾಲರಿಗೆ ಒಪ್ಪಂದ ಮಾಡಿಕೊಂಡಳು. ಅಂದರೆ ಸುಮಾರು 12,000 ಕೋಟಿ ರೂಪಾಯಿ. ಜನವರಿಯಲ್ಲಿ ಫೋರ್ಬ್ಸ್ ಪತ್ರಿಕೆ ಕಟ್ಟಿದ್ದ ಬೆಲೆ ಕೇವಲ 57.5 ಕೋಟಿ ಡಾಲರ್. ಎರಡನೆಯ ಬಿಡ್ 160 ಕೋಟಿ, ಮೂರನೆಯದು 120 ಕೋಟಿ. ಕೊಂಡವನು ಮೈಕ್ರೋಸಾಫ್ಟಿನ ಸಿಇಒ ಆಗಿದ್ದ ಸ್ಟೀವ್ ಬಾಲ್ಮರ್. ಫೆಬ್ರುವರಿಯಲ್ಲಿ ಅವನು ಬಿಟ್ಟ ಕುರ್ಚಿಯಲ್ಲೇ ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲ ಕೂತಿರುವುದು.

ಸ್ಟರ್ಲಿಂಗ್ ಒಪ್ಪಲಿಲ್ಲ. ಹಠ ಒಂದು ಕಡೆ, ತೆರಿಗೆ ಇನ್ನೊಂದು ಕಡೆ. ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸಕ್ಕೆ ಇಲ್ಲಿ ತೆರಿಗೆ. ಸಾಯುವವರೆಗೆ ಇಟ್ಟುಕೊಂಡರೆ ವಾರಸುದಾರರಿಗೆ ಆ ದಿನದ ಮಾರುಕಟ್ಟೆ ಬೆಲೆಯೇ ಕೊಂಡ ಬೆಲೆ ಎಂದು ಲೆಕ್ಕ, ಹಳೆಯ ಲಾಭದ ತೆರಿಗೆ ಅಲ್ಲಿಗೆ ಮಾಯ. ಜುಲೈ ತಿಂಗಳು ಕೋರ್ಟಿನಲ್ಲಿ ಹೋಯಿತು. ಲೀಗ್ ನೇಮಿಸಿದ್ದ ಮಧ್ಯಂತರ ಮುಖ್ಯಸ್ಥ ರಿಚರ್ಡ್ ಪಾರ್ಸನ್ಸ್ ಸಾಕ್ಷಿ ಹೇಳುತ್ತ, ಈ ಮಾಲೀಕ ಉಳಿದರೆ ಕೋಚ್ ಡಾಕ್ ರಿವರ್ಸ್ ಹೋಗುತ್ತಾರೆ, ಪ್ರಾಯೋಜಕರು ಬರುವುದಿಲ್ಲ, ತಂಡ ನೆಲಕಚ್ಚುತ್ತದೆ ಎಂದ. ಜುಲೈ 28ಕ್ಕೆ ನ್ಯಾಯಾಧೀಶರು ಶೆಲ್ಲಿಯ ಪರ ತೀರ್ಪು ಕೊಟ್ಟರು. ಮೇಲ್ಮನವಿ ಹಾಕಿದರೂ ಮಾರಾಟ ನಿಲ್ಲಬಾರದು ಎಂಬ ಆದೇಶವನ್ನೂ ಸೇರಿಸಿದರು. ಆಗಸ್ಟ್ 12ಕ್ಕೆ ಹಣ ಕೈ ಬದಲಾಯಿತು. ಮಾಲೀಕರ ಮಂಡಳಿ ಅವನನ್ನು ಹೊರಹಾಕಲು ಮತ ಹಾಕುವ ಸಂದರ್ಭವೇ ಬರಲಿಲ್ಲ. ಹಾಗಾಗಿ ಅವನ ಇಡೀ ಜೀವನದ ನಡವಳಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ ಎಂದಿದ್ದ ಆ ವಿಚಾರಣೆಯೂ ನಡೆಯಲಿಲ್ಲ.

ಮಾರಿಸಿದ್ದು ಹೌದು, ಕಿತ್ತುಕೊಂಡದ್ದಲ್ಲ. 1.25 ಕೋಟಿಗೆ ಕೊಂಡದ್ದು 200 ಕೋಟಿಗೆ ಹೋಯಿತು. ಬಾಡಿಗೆ ಕಟ್ಟಡಗಳ ವ್ಯವಹಾರವನ್ನು ಲೀಗ್ ಮುಟ್ಟುವ ಹಾಗಿರಲಿಲ್ಲ, ಅದು ಹಾಗೆಯೇ ನಡೆಯುತ್ತಿದೆ.

ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ವಿನಯನಿಗೆ ಆಶೀರ್ವಾದ.

ಇಂತಿ ನಿಮ್ಮ ಪ್ರೀತಿಯ ಮಗಳು